ಇಬ್ಬರೇ ಹೋಗುವ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರೆ?

ಪ್ರಶ್ನೆ: ನಮ್ಮದು ಗಂಗೊಳ್ಳಿ ಕಡೆ. ನಮ್ಮ ಮನೆಯವರು ಮತ್ತು ಮೈದುನ ಇಬ್ಬರೇ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಭಾಗಕ್ಕೆ ಹೊರಗಡೆ ಕೂರಿಸುವ ಎಂಜಿನ್) ಇರುವ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಾರೆ. ಸಂಜೆ ಹೋದರೆ ಬರುವುದು ಬೆಳಗಿನ ಜಾವ. ಹೋದ ತಿಂಗಳು ಬಲೆ ಬಿಡುವಾಗ ಮೈದುನ ನೀರಿಗೆ ಬಿದ್ದ. ದೋಣಿ ತಿರುಗಿಸಿ ಅವನ ಹತ್ತಿರ ಬರುವುದಕ್ಕೆ ಜಾಸ್ತಿ ಹೊತ್ತು ಆಗಲಿಲ್ಲವಂತೆ. ಆದರೆ ಮೇಲೆ ಎಳೆದುಕೊಳ್ಳಲು ಆಗಲೇ ಇಲ್ಲ. ಇಪ್ಪತ್ತು ನಿಮಿಷ ದೋಣಿಯ ಅಂಚು ಹಿಡಿದು ನೇತಾಡಿದ್ದಾನೆ. ಇನ್ನೊಂದು ದೋಣಿಯವರು ಬಂದ ಮೇಲೆ ಮೂವರು ಸೇರಿ ಎತ್ತಿದರು. ದೋಣಿಯಲ್ಲಿ ಎರಡು ಲೈಫ್ ಜಾಕೆಟ್ ಇವೆ, ಮುಂಭಾಗದಲ್ಲಿ ತುರುಕಿಟ್ಟಿದ್ದಾರೆ. ಹಾಕಿಕೊಳ್ಳಿ ಅಂದರೆ, 'ಅದು ಬಲೆಗೆ ಸಿಕ್ಕಿ ನಮ್ಮನ್ನೇ ಎಳೆದುಕೊಂಡು ಹೋಗುತ್ತೆ, ನಮಗೆ ಈಜು ಬರುತ್ತಲ್ಲ' ಅನ್ನುತ್ತಾರೆ. ಅವರು ಹೇಳುವುದು ನಿಜವಾ? ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಆ ಇಪ್ಪತ್ತು ನಿಮಿಷ. ನೀವು ಕೇಳಿರುವುದು ಜಾಕೆಟ್ ಬಗ್ಗೆ. ಅದಕ್ಕೆ ಖಂಡಿತ ಬರುತ್ತೇನೆ. ಆದರೆ ನಿಮ್ಮ ಮೈದುನನ ವಿಷಯದಲ್ಲಿ ಏನಾಯಿತು ನೋಡಿ. ಅವನು ಬಿದ್ದಿದ್ದು ಅಣ್ಣನಿಗೆ ಗೊತ್ತಾಯಿತು. ದೋಣಿ ವಾಪಸ್ ಬಂತು. ಕೈಗೆ ದೋಣಿಯ ಅಂಚು ಸಿಕ್ಕಿತು. ಇಷ್ಟೆಲ್ಲ ಸರಿಯಾಗಿ ಆದ ಮೇಲೂ ಅವನು ಸಾವಿನ ಹತ್ತಿರ ಹೋಗಿ ಬಂದ. ಯಾಕೆ? ಇಬ್ಬರ ದೋಣಿಯಲ್ಲಿ ಒಬ್ಬ ಬಿದ್ದರೆ ಉಳಿಯುವುದು ಒಬ್ಬನೇ. ಅವನೇ ಎಂಜಿನ್ ನೋಡಬೇಕು, ಅವನೇ ಟಾರ್ಚ್ ಹಿಡಿಯಬೇಕು, ಅವನೇ ಎತ್ತಬೇಕು. ಎತ್ತುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ.

ಮೀನುಗಾರರಿಗೆ ಸುರಕ್ಷತೆಯ ತರಬೇತಿ ಕೊಡುವಾಗ ನಾನು ಇದನ್ನು ಮೊದಲು ಮಾಡಿ ತೋರಿಸುತ್ತೇನೆ. ಬಂದರಿನೊಳಗೆ, ಅಲೆಯೇ ಇಲ್ಲದ ನೀರಲ್ಲಿ, ಒಬ್ಬ ಹುಡುಗನನ್ನು ಬಟ್ಟೆ ಸಮೇತ ಇಳಿಸುತ್ತೇವೆ. ದೋಣಿಯಲ್ಲಿ ಇರುವವರ ಪೈಕಿ ಗಟ್ಟಿಮುಟ್ಟಾದವನನ್ನು ಕರೆದು ಎತ್ತು ಅನ್ನುತ್ತೇನೆ. ನಗುನಗುತ್ತಾ ಬರುತ್ತಾನೆ. ಎರಡೂ ರಟ್ಟೆ ಹಿಡಿದು ಎಳೆಯುತ್ತಾನೆ. ಎದೆಯವರೆಗೆ ಬರುತ್ತೆ, ಅಲ್ಲಿಗೆ ನಿಂತುಬಿಡುತ್ತೆ. ದೋಣಿ ಆ ಕಡೆ ವಾಲುತ್ತೆ. ಎರಡನೇ ಸಲ ಎಳೆಯುವಾಗ ನಗು ಇರುವುದಿಲ್ಲ. ಮೂರನೇ ಸಲಕ್ಕೆ ಕೈ ಸೋತಿರುತ್ತೆ.

ಇದರ ಹಿಂದಿನ ಲೆಕ್ಕ ಸುಲಭ. ಮನುಷ್ಯ ಕುತ್ತಿಗೆವರೆಗೆ ನೀರಲ್ಲಿದ್ದಾಗ ಅವನ ಭಾರದ ಬಹುಪಾಲನ್ನು ನೀರೇ ಹೊರುತ್ತೆ. ತಲೆ ಮೇಲೆ ಇರಲು ಬೇಕಾಗುವುದು ನಾಲ್ಕೈದು ಕಿಲೋ ಎತ್ತುವಷ್ಟು ಬಲ ಮಾತ್ರ. ಅದಕ್ಕೇ ಒಂದು ಖಾಲಿ ಕ್ಯಾನ್ ಕೂಡ ಪ್ರಾಣ ಉಳಿಸುತ್ತೆ. ಆದರೆ ದೇಹ ನೀರಿನಿಂದ ಮೇಲೆ ಬಂದಷ್ಟೂ ಆ ಆಸರೆ ಹೋಗುತ್ತೆ. ಸೊಂಟ ಅಂಚಿನ ಹತ್ತಿರ ಬರುವ ಹೊತ್ತಿಗೆ 65 ಕಿಲೋದ ಮನುಷ್ಯ ಪೂರ್ತಿ 65 ಕಿಲೋ. ಬಟ್ಟೆಯಲ್ಲಿ, ಬೂಟಿನಲ್ಲಿ ತುಂಬಿದ ನೀರು ಬೇರೆ. ಬಿದ್ದವನು ತಾನೇ ಹತ್ತೋಣ ಅಂದರೆ ಕಾಲಿಗೆ ಆಧಾರ ಇಲ್ಲ. ದೋಣಿಯ ಹೊಟ್ಟೆ ಒಳಮುಖವಾಗಿ ಬಾಗಿರುವುದರಿಂದ ಕಾಲು ಅದರ ಅಡಿಗೆ ಹೋಗುತ್ತೆ. ಬರೀ ಕೈಯಲ್ಲಿ ಜೋತು ಬಿದ್ದರೆ ಎಂಥ ರಟ್ಟೆಯೂ ಕೆಲವೇ ನಿಮಿಷದಲ್ಲಿ ಸೋಲುತ್ತೆ. ನಿಮ್ಮ ಮೈದುನ ಇಪ್ಪತ್ತು ನಿಮಿಷ ಹಿಡಿದುಕೊಂಡ ಅಂದರೆ ಅದು ಅವನ ಗಟ್ಟಿತನ. ಮುಂದಿನ ಸಲ ಅದನ್ನೇ ನಂಬಿಕೊಳ್ಳುವುದು ಬೇಡ.

ಹಾಗಾಗಿ ಮೊದಲು ಆಗಬೇಕಾದ ಕೆಲಸ ದೋಣಿಗೆ ಒಂದು ಮೆಟ್ಟಿಲು. ದುಬಾರಿಯದ್ದು ಬೇಡ. ಗಟ್ಟಿ ಹಗ್ಗದಲ್ಲಿ ಎರಡು ಮೆಟ್ಟಿಲಿನ ಏಣಿ ಕಟ್ಟಿ. ಮೆಟ್ಟಿಲ ಜಾಗದಲ್ಲಿ ಹಗ್ಗವನ್ನು ಪಿವಿಸಿ ಪೈಪಿನ ತುಂಡಿನೊಳಗೆ ಹಾಯಿಸಿ, ಆಗ ಕಾಲಿಟ್ಟರೆ ಹಗ್ಗ ಮುದುಡುವುದಿಲ್ಲ. ಕೆಳಗಿನ ಮೆಟ್ಟಿಲು ನೀರಿನ ಮಟ್ಟಕ್ಕಿಂತ ಎರಡು ಅಡಿಯಾದರೂ ಕೆಳಗೆ ಇರಬೇಕು. ನೀರಿನ ಮಟ್ಟಕ್ಕೇ ಇದ್ದರೆ ಕಾಲು ಅಷ್ಟು ಮೇಲೆ ಬರುವುದಿಲ್ಲ. ಇದನ್ನು ದೋಣಿಯ ಮಧ್ಯಭಾಗಕ್ಕೆ ಗಟ್ಟಿಯಾಗಿ ಬಿಗಿದು, ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ ಇಡಿ. ಆ ಗಂಟಿನ ತುದಿ ಹೊರಗಡೆ ನೇತಾಡುತ್ತಿರಬೇಕು. ನೀರಲ್ಲಿ ಇರುವವನೇ ಕೈ ಚಾಚಿ ಎಳೆದರೆ ಏಣಿ ಬಿಚ್ಚಿ ಕೆಳಗೆ ಬೀಳಬೇಕು. ಮೇಲಿರುವವನು ತೆಗೆದು ಕೊಡಲಿ ಅಂತ ಕಾಯುವ ಏಣಿ ಇಬ್ಬರ ದೋಣಿಗೆ ಸಾಲದು. ಬಿದ್ದವನು ಎಂಜಿನ್ ನಡೆಸುತ್ತಿದ್ದವನೇ ಆಗಿದ್ದರೆ?

ಬಿದ್ದವನಿಗೆ ಪೆಟ್ಟಾಗಿದ್ದರೆ, ಸುಸ್ತಾಗಿದ್ದರೆ ಏಣಿ ಹತ್ತಲು ಆಗುವುದಿಲ್ಲ. ಅದಕ್ಕೆ ಉಪಾಯ ನಿಮ್ಮ ಮನೆಯ ಅಂಗಳದಲ್ಲೇ ಇದೆ. ದಪ್ಪ ನೂಲಿನ, ಕಣ್ಣು ಸಣ್ಣದಿರುವ ಹಳೇ ಬಲೆಯ ತುಂಡು. ಒಂದು ಮಾರು ಉದ್ದ, ಸುಮಾರು ಅಷ್ಟೇ ಅಗಲ ಸಾಕು. ಒಂದು ಅಂಚನ್ನು ದೋಣಿಯ ಅಂಚಿಗೆ ಮೂರು ಕಡೆ ಕಟ್ಟಿ. ಇನ್ನೊಂದು ಅಂಚಿಗೆ ಹಗ್ಗ ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ. ಬಲೆಯನ್ನು ನೀರಿಗೆ ಇಳಿಸಿ, ಅದರ ಮಡಿಲಿಗೆ ಅವನು ದೋಣಿಗೆ ಸಮನಾಗಿ, ಉದ್ದಕ್ಕೆ ಮಲಗಿದ ಹಾಗೆ ಬರಬೇಕು. ಈಗ ಹಗ್ಗ ಎಳೆದರೆ ಆಳು ಮರದ ದಿಮ್ಮಿ ಉರುಳಿದ ಹಾಗೆ ಉರುಳಿಕೊಂಡು ಮೇಲೆ ಬರುತ್ತಾನೆ. ಈ ರೀತಿಯಲ್ಲಿ ನಿಮ್ಮ ಕೈ ಮೇಲೆ ಬೀಳುವುದು ಹೆಚ್ಚುಕಡಿಮೆ ಅರ್ಧ ಭಾರ. ಅಲೆ ದೋಣಿಯನ್ನು ತಗ್ಗಿಸಿದಾಗ ಹಗ್ಗ ಬಿಗಿ ಮಾಡಿ, ಮುಂದಿನ ಅಲೆಗೆ ಎಳೆಯಿರಿ. ಇದರಲ್ಲಿ ಒಂದು ಅಪಾಯ ಇದೆ. ಕಿರಿದಾದ ದೋಣಿ ಒಂದೇ ಕಡೆ ಭಾರ ಬಿದ್ದರೆ ನೀರು ತುಂಬಿಕೊಳ್ಳುತ್ತೆ. ಆದ್ದರಿಂದ ಎಳೆಯುವವನು ನಿಂತು ಎಳೆಯಬಾರದು. ಮಂಡಿಯೂರಿ, ಭಾರ ತಗ್ಗಿಸಿ, ದೋಣಿಯ ಮಧ್ಯದಲ್ಲೇ ಇರಬೇಕು.

ಇನ್ನು ಜಾಕೆಟ್. ನಿಮ್ಮ ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ದೋಣಿಯಲ್ಲಿ ಇರುವ ಆ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ದೋಣಿ ಮುಳುಗುವಾಗ ಹಾಕಿಕೊಳ್ಳಲು ಮಾಡಿದ್ದು. ಅದನ್ನು ಹಾಕಿಕೊಂಡು ಎಂಟು ಗಂಟೆ ಬಲೆ ಎಳೆಯುವುದು ಕಷ್ಟ. ಎದೆಯ ಮುಂದೆ ಜೋತಾಡುವ ಪಟ್ಟಿ, ಬಕಲ್ ಬಲೆಗೆ ಸಿಕ್ಕಿಕೊಳ್ಳಬಹುದು, ನಿಜ. ಆದರೆ ಬಲೆ ಜೊತೆ ನೀರಿಗೆ ಹೋದವರ ಕತೆ ನಾನು ಕೇಳಿದಾಗಲೆಲ್ಲ ಸಿಕ್ಕಿಕೊಂಡಿದ್ದು ಕಾಲು. ಬಲೆ ಓಡುತ್ತಿರುವಾಗ ತಳದಲ್ಲಿ ಸುರುಳಿಯಾಗಿ ಬಿದ್ದ ಹಗ್ಗದೊಳಗೆ ಕಾಲಿಟ್ಟಿರುತ್ತಾರೆ. ಬೆರಳಿನ ಉಂಗುರ, ಅಂಗಿಯ ಗುಂಡಿ, ಸಡಿಲ ತೋಳು ಕೂಡ ಸಿಕ್ಕಿಕೊಳ್ಳುತ್ತೆ. ಹಾಗಂತ ಅಂಗಿ ಬೇಡ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಕೆಲಸ ಮಾಡುವಾಗ ಹಾಕಿಕೊಳ್ಳುವ ಜಾಕೆಟ್ ಬೇರೆಯೇ ಇದೆ. ಒಂದು, ತೆಳು ಫೋಮಿನ ಬನಿಯನ್ ಥರದ್ದು, ತೋಳಿಗೆ ಏನೂ ಅಡ್ಡ ಬರುವುದಿಲ್ಲ. ಪಟ್ಟಿಗಳನ್ನು ಒಳಗೆ ಸೇರಿಸಿ, ಮೇಲೊಂದು ದೊಗಲೆ ಅಂಗಿ ತೊಟ್ಟರೆ ಬಲೆಗೆ ಸಿಕ್ಕುವಂಥದ್ದು ಹೊರಗೆ ಏನೂ ಉಳಿಯುವುದಿಲ್ಲ. ಇದರ ಕೊರತೆ ಏನೆಂದರೆ ಪ್ರಜ್ಞೆ ತಪ್ಪಿದವನ ಮುಖವನ್ನು ಇದು ಮೇಲೆ ತಿರುಗಿಸುವುದಿಲ್ಲ, ತೇಲಿಸುತ್ತೆ ಅಷ್ಟೆ. ಇನ್ನೊಂದು, ಕುತ್ತಿಗೆಗೆ ಪಟ್ಟಿಯಂತೆ ಹಾಕಿಕೊಳ್ಳುವ, ಗ್ಯಾಸ್ ಸಿಲಿಂಡರಿನಿಂದ ಉಬ್ಬುವ ಜಾಕೆಟ್. ಹಗುರ, ಸೆಕೆ ಕಡಿಮೆ, ಉಬ್ಬಿದರೆ ಮುಖವನ್ನು ಮೇಲಕ್ಕೆ ಇಡುವ ಬಲ ಜಾಸ್ತಿ. ಇದರ ಮೇಲೆ ಬಿಗಿ ಅಂಗಿ ಹಾಕಬಾರದು, ಉಬ್ಬುವುದಕ್ಕೆ ಜಾಗ ಬೇಕು. ನೀರಿಗೆ ಬಿದ್ದ ಕೂಡಲೇ ತಾನೇ ಉಬ್ಬುವ ಥರದ್ದನ್ನೇ ತೆಗೆದುಕೊಳ್ಳಿ. ದಾರ ಎಳೆದರೆ ಮಾತ್ರ ಉಬ್ಬುವಂಥದ್ದು ತಲೆಗೆ ಪೆಟ್ಟು ಬಿದ್ದವನಿಗೆ ಉಪಯೋಗವಿಲ್ಲ. ಕೆಲವು ಮಾದರಿಗಳು ಬರೀ ನೀರು ಚಿಮ್ಮಿದರೂ ಉಬ್ಬಿಬಿಡುತ್ತವೆ. ನೀರಿನ ಒತ್ತಡಕ್ಕೆ ಮಾತ್ರ ಉಬ್ಬುವ ಮಾದರಿ ಮೀನು ಕೆಲಸಕ್ಕೆ ಒಳ್ಳೆಯದು. ಬೆಲೆ ಜಾಸ್ತಿ, ನಿಗಾ ಬೇಕು. ಸಿಲಿಂಡರ್ ಸಡಿಲ ಆಗಿದೆಯಾ ಅಂತ ಆಗಾಗ ತಿರುಗಿಸಿ ನೋಡಬೇಕು. ಗಾಳದ ಕೊಕ್ಕೆ ಚುಚ್ಚಿದರೆ ಕೆಲಸ ಕೆಟ್ಟಿತು. ಗಾಳದ ಕೆಲಸ ಜಾಸ್ತಿ ಇರುವವರಿಗೆ ನಾನು ಫೋಮಿನದ್ದನ್ನೇ ಹೇಳುತ್ತೇನೆ. ಯಾವುದೇ ಆಗಲಿ, ತೊಡೆಸಂದಿನ ಪಟ್ಟಿ ಬಿಗಿಯದಿದ್ದರೆ ಜಾಕೆಟ್ ನೀರಲ್ಲಿ ಮೇಲೆ ಜಾರಿ, ಮನುಷ್ಯ ಅದರೊಳಗೆ ಕುಸಿಯುತ್ತಾನೆ. ಸುರಕ್ಷತೆ ಕಿಟ್‌ಗೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಹಾಯಧನ ಕೊಡುತ್ತಿದ್ದರು. ಈಗಲೂ ಇದೆಯಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೋ ನಿಮ್ಮ ಸಹಕಾರ ಸಂಘದಲ್ಲೋ ಒಮ್ಮೆ ವಿಚಾರಿಸಿ.

ಜಾಕೆಟ್ ಬಲೆಗೆ ಸಿಕ್ಕಬಹುದು ಅನ್ನುವ ಭಯಕ್ಕೆ ಸರಿಯಾದ ಮದ್ದು ಚಾಕು. ಎದೆಯ ಹತ್ತಿರ, ಎಡಗೈ ಬಲಗೈ ಎರಡಕ್ಕೂ ಸಿಗುವ ಜಾಗದಲ್ಲಿ, ಮೊಂಡು ತುದಿಯ ಹರಿತವಾದ ಚಾಕು. ಇಬ್ಬರಿಗೂ ಒಂದೊಂದು. ಮೀನು ಬುಟ್ಟಿಯ ಅಡಿಯಲ್ಲಿ ಇರುವ ಚಾಕು ಇದ್ದೂ ಇಲ್ಲದ ಹಾಗೆ. ಬಲೆ ಬಿಡುವಾಗ ಹಗ್ಗದ ಸುರುಳಿ ಒಂದು ಕಡೆ, ಕಾಲು ಇನ್ನೊಂದು ಕಡೆ ಇರುವ ಹಾಗೆ ನಡುವೆ ಒಂದು ಹಲಗೆ ಅಡ್ಡ ಇಟ್ಟುಕೊಂಡರೂ ಎಷ್ಟೋ ಅನಾಹುತ ತಪ್ಪುತ್ತೆ.

'ಈಜು ಬರುತ್ತಲ್ಲ' ಅನ್ನುವ ಮಾತಿಗೆ ಬರೋಣ. ಅಮೆರಿಕದಲ್ಲಿ 2000ದಿಂದ 2016ರವರೆಗೆ ದೋಣಿಯಿಂದ ಬಿದ್ದು ಸತ್ತ ಮೀನುಗಾರರ ಲೆಕ್ಕ ತೆಗೆದಿದ್ದಾರೆ. 204 ಜನ. ಅವರೂ ಕಡಲಲ್ಲೇ ಬದುಕಿದವರು. ಅವರಲ್ಲಿ ಒಬ್ಬರೂ ಜಾಕೆಟ್ ಹಾಕಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಬಿದ್ದಿದ್ದನ್ನು ಯಾರೂ ನೋಡಿರಲೇ ಇಲ್ಲ. ಅಲ್ಲಿಯ ನೀರು ತಣ್ಣಗಿರುತ್ತೆ, ನಮ್ಮದು ಬೆಚ್ಚಗಿದೆಯಲ್ಲ ಅಂತ ಕೇಳಬಹುದು. ಹೌದು, ನಮ್ಮ ಕರಾವಳಿಯ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಇರುತ್ತೆ. ಚಳಿಗೆ ಕೂಡಲೇ ಸಾಯುವ ಭಯ ಇಲ್ಲ. ಇದು ನಮಗೆ ಸಿಕ್ಕ ದೊಡ್ಡ ಅನುಕೂಲ, ತೇಲುತ್ತಿದ್ದರೆ ಗಂಟೆಗಟ್ಟಲೆ ಬದುಕಬಹುದು. ಆದರೆ ತೇಲುತ್ತಿರಬೇಕು! ಬಿದ್ದ ಗಾಬರಿಗೆ ಮೊದಲ ಉಸಿರಲ್ಲೇ ನೀರು ಕುಡಿದವನಿಗೆ, ಅಂಚಿಗೆ ಹಣೆ ಬಡಿದವನಿಗೆ, ರಾತ್ರಿಯಿಡೀ ಬಲೆ ಎಳೆದು ಸೋತವನಿಗೆ ಈಜು ಎಷ್ಟು ಹೊತ್ತು ನಡೆಯುತ್ತೆ?

ಕಾಣಿಸದೇ ಹೋಗುವುದು ಇನ್ನೊಂದು ಅಪಾಯ. ವಾಪಸ್ ಬರುವಾಗ ದೋಣಿ ಗಂಟೆಗೆ 18 ಕಿಲೋಮೀಟರ್ ಓಡುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ ಐದು ಮೀಟರ್. ಒಬ್ಬ ಬಿದ್ದಿದ್ದು ಎಂಜಿನ್ ನಡೆಸುವವನಿಗೆ ಅರ್ಧ ನಿಮಿಷ ಬಿಟ್ಟು ಗೊತ್ತಾದರೆ 150 ಮೀಟರ್ ದಾಟಿ ಆಗಿದೆ. ನೀರಿನ ಮೇಲೆ ಕಾಣುವುದು ತೇಲುವ ತೆಂಗಿನಕಾಯಿಯಷ್ಟು ತಲೆ, ಅದೂ ಅಲೆಯ ಮರೆಗೆ ಹೋಗಿ ಬಂದು. ರಾತ್ರಿ ಅಷ್ಟೂ ಇಲ್ಲ. ಎಂಜಿನ್ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ. ಅದಕ್ಕೇ ಜಾಕೆಟ್ಟಿಗೆ ಒಂದು ಸೀಟಿ ಮತ್ತು ನೀರು ಹೋಗದ ಸಣ್ಣ ದೀಪ ಕಟ್ಟಿರಬೇಕು. ದಡದಲ್ಲಿ ಸಣ್ಣ ವಸ್ತು ಅನ್ನಿಸುವ ಆ ದೀಪವೇ ರಾತ್ರಿ ಮೀನಿಗೆ ಹೋಗುವವರಿಗೆ ಜಾಕೆಟ್ಟಿನಷ್ಟೇ ಮುಖ್ಯ.

ಯಾವಾಗ ಬೀಳುತ್ತಾರೆ ಅನ್ನುವುದನ್ನೂ ಹೇಳಬೇಕು. ಬಿರುಗಾಳಿಯಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ, ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಬೀಳುವುದು ಸಾಮಾನ್ಯವಾಗಿ ಇಂಥ ಹೊತ್ತಲ್ಲಿ: ಬಲೆ ಬಿಡುವಾಗ, ಬಗ್ಗಿ ಎಳೆಯುವಾಗ, ಬೆಳಗಿನ ಜಾವದ ನಿದ್ದೆಗಣ್ಣಲ್ಲಿ, ಅಂಚಿನಲ್ಲಿ ನಿಂತು ಮೂತ್ರ ಮಾಡುವಾಗ. ಕೊನೆಯದನ್ನು ಹೇಳಲು ಎಲ್ಲರಿಗೂ ಸಂಕೋಚ, ಆದರೆ ಇದು ನಿಜವಾದ ಕಾರಣ. ದೋಣಿಯಲ್ಲಿ ಒಂದು ಡಬ್ಬ ಇಟ್ಟುಕೊಳ್ಳಲಿ, ಕೂತೇ ಮುಗಿಸಲಿ. ಕುಡಿದು ದೋಣಿ ಹತ್ತುವ ಅಭ್ಯಾಸ ಇದ್ದರೆ ಅದು ಇವತ್ತೇ ನಿಲ್ಲಬೇಕು. ಇದರಲ್ಲಿ ನಡುವಿನ ದಾರಿ ಇಲ್ಲ.

ಎಂಜಿನ್ ಹತ್ತಿರ ಕೂತವನು ಬೀಳುವುದು ಇನ್ನೂ ಕೆಟ್ಟದ್ದು. ಕೈ ಬಿಟ್ಟ ಕೂಡಲೇ ಔಟ್‌ಬೋರ್ಡ್ ಒಂದು ಕಡೆ ತಿರುಗಿಬಿಡುತ್ತೆ. ದೋಣಿ ಸಣ್ಣ ಸುತ್ತು ಹಾಕುತ್ತಾ ಬಿದ್ದವನ ಮೇಲೇ ಬರಬಹುದು. ಅಡಿಯಲ್ಲಿ ಎಂಜಿನ್ನಿನ ಫ್ಯಾನು (ಪ್ರೊಪೆಲ್ಲರ್) ತಿರುಗುತ್ತಿರುತ್ತೆ. ಇದಕ್ಕೆ ಎಂಜಿನ್ ಜೊತೆಗೇ ಒಂದು ಕೆಂಪು ಸುರುಳಿ ದಾರ ಬಂದಿರುತ್ತೆ. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿ ನಡೆಸುವವನ ಕೈಗೋ ಕಾಲಿಗೋ. ಅವನು ಬಿದ್ದರೆ ಕ್ಲಿಪ್ ಕಿತ್ತು ಬರುತ್ತೆ, ಎಂಜಿನ್ ನಿಲ್ಲುತ್ತೆ. ನಮ್ಮಲ್ಲಿ ಎಷ್ಟೋ ದೋಣಿಗಳಲ್ಲಿ ಆ ಕ್ಲಿಪ್ಪನ್ನು ಸ್ವಿಚ್ಚಿಗೇ ಕಟ್ಟಿಹಾಕಿರುವುದನ್ನು ನೋಡಿದ್ದೇನೆ. ಆಗಾಗ ಎಂಜಿನ್ ನಿಂತು ಕಿರಿಕಿರಿ ಅಂತ. ದಯವಿಟ್ಟು ಬಿಚ್ಚಿಸಿ. ಜೊತೆಗೆ ಇನ್ನೊಂದು ಕ್ಲಿಪ್ ಕೊಂಡು ಎಂಜಿನ್ ಹತ್ತಿರವೇ ಕಟ್ಟಿಡಿ. ಯಾಕೆಂದರೆ ಮೊದಲ ಕ್ಲಿಪ್ ಬಿದ್ದವನ ಜೊತೆ ನೀರಲ್ಲಿದೆ. ಅದಿಲ್ಲದೆ ಎಂಜಿನ್ ಚಾಲೂ ಆಗುವುದಿಲ್ಲ. ಇಬ್ಬರಿಗೂ ಎಂಜಿನ್ ನಡೆಸಲು ಬರಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಒಬ್ಬ ಬಿದ್ದೇಬಿಟ್ಟ ಅಂದುಕೊಳ್ಳಿ. ದೋಣಿಯಲ್ಲಿ ಇರುವವನು ಅವನ ಹಿಂದೆ ಹಾರಬಾರದು. ಅಣ್ಣತಮ್ಮ ಆದರೂ ಹಾರಬಾರದು. ದೋಣಿ ಖಾಲಿಯಾದರೆ ಗಾಳಿಗೆ ಜಾರಿ ಹೋಗುತ್ತೆ, ಈಜಿ ಹಿಡಿಯಲು ಆಗುವುದಿಲ್ಲ. ಬಿದ್ದವನು ಯಾವ ಕಡೆ ಇದ್ದಾನೋ ಆ ಕಡೆಗೇ ದೋಣಿಯ ಮೂತಿ ತಿರುಗಿಸಿದರೆ ಹಿಂಭಾಗದ ಫ್ಯಾನು ಅವನಿಂದ ದೂರ ಸರಿಯುತ್ತೆ. ಕೂಡಲೇ ತೇಲುವ ಏನನ್ನಾದರೂ ಎಸೆಯಬೇಕು. ಇದಕ್ಕೆಂದೇ ಮುಚ್ಚಳ ಬಿಗಿದ ಖಾಲಿ 20 ಲೀಟರ್ ಕ್ಯಾನಿಗೆ ಹತ್ತು ಮಾರು ತೇಲುವ ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಆ ಕ್ಯಾನು ಇಬ್ಬರನ್ನು ತೇಲಿಸುತ್ತೆ. ಜಿಪಿಎಸ್ ಇದ್ದರೆ ಜಾಗ ಗುರುತು ಮಾಡುವ ಗುಂಡಿ ಒತ್ತಬೇಕು. ಕಣ್ಣು ಅವನ ಮೇಲಿಂದ ಕದಲಬಾರದು.

ಬಲೆ ನೀರಲ್ಲಿ ಇದ್ದರೆ ಏನು ಮಾಡುವುದು? ಬಲೆಯನ್ನು ಎಳೆದುಕೊಂಡು ದೋಣಿ ತಿರುಗಿಸಲು ಹೋದರೆ ಅದು ಫ್ಯಾನಿಗೆ ಸುತ್ತಿಕೊಳ್ಳುತ್ತೆ, ಆಮೇಲೆ ಇಬ್ಬರಿಗೂ ದಾರಿಯಿಲ್ಲ. ಬಲೆಯ ತುದಿಗೆ ಒಂದು ದೊಡ್ಡ ಬೆಂಡು ಕಟ್ಟಿ ಬಿಟ್ಟುಬಿಡಿ, ಸಮಯ ಇಲ್ಲದಿದ್ದರೆ ಕೊಯ್ದು ಬಿಡಿ. ಬಲೆಗೆ ಕೊಟ್ಟ ಹಣ ನನಗೆ ಗೊತ್ತು, ಆ ಕ್ಷಣದಲ್ಲಿ ಕೈ ತಡೆಯುತ್ತೆ ಅನ್ನುವುದೂ ಗೊತ್ತು. ಅದಕ್ಕೇ ಅಣ್ಣತಮ್ಮ ಇದನ್ನು ದಡದಲ್ಲೇ ಮಾತಾಡಿ ತೀರ್ಮಾನ ಮಾಡಿಕೊಂಡಿರಬೇಕು. ಇನ್ನೊಂದು ವಿಷಯ, ತೇಲುವ ಬಲೆಯೂ ಮನುಷ್ಯನೂ ಹೆಚ್ಚುಕಡಿಮೆ ಒಂದೇ ನೀರಿನ ಸೆಳೆತದಲ್ಲಿ ಸಾಗುತ್ತಾರೆ. ಹಾಗಾಗಿ ಬಿಟ್ಟ ಬಲೆ ಹುಡುಕುವುದಕ್ಕೆ ಗುರುತಾಗುತ್ತೆ. ಬಿದ್ದವನು ಅದರ ತುದಿಯ ಬೆಂಡು ಹಿಡಿಯಬಹುದು. ಬಲೆಯ ನಡುವೆ ಮಾತ್ರ ಹೋಗಬಾರದು.

ಹತ್ತಿರ ಬರುವಾಗ ಗಾಳಿಗೆ ಎದುರಾಗಿ, ನಿಧಾನವಾಗಿ ಬರಬೇಕು. ಹಗ್ಗ ಅವನ ಕೈ ಸೇರಿದ ಮೇಲೆ ಎಂಜಿನ್ ಪೂರ್ತಿ ಬಂದ್. ನ್ಯೂಟ್ರಲ್ ಸಾಲದು. ಅವನು ದೋಣಿಯ ಪಕ್ಕಕ್ಕೆ ಬರಬೇಕೇ ಹೊರತು ಹಿಂಭಾಗಕ್ಕಲ್ಲ. ಎತ್ತಲು ಆಗದಿದ್ದರೆ ಮೊದಲು ಕಂಕುಳಿನ ಅಡಿಯಿಂದ ಹಗ್ಗ ಹಾಯಿಸಿ, ತಲೆ ನೀರಿನ ಮೇಲೆ ಇರುವ ಹಾಗೆ ದೋಣಿಗೆ ಕಟ್ಟಿ. ಆಗ ನಿಮ್ಮ ಕೈ ಬಿಡುವಾಗುತ್ತೆ. ವಿಎಚ್‌ಎಫ್ (ದೋಣಿಯ ವೈರ್‌ಲೆಸ್ ರೇಡಿಯೊ) ಇದ್ದರೆ 16ನೇ ಚಾನೆಲ್‌ನಲ್ಲಿ ಕರೆಯಿರಿ, ಹತ್ತಿರದ ದೋಣಿಗಳಿಗೆ ಅದೇ ಬೇಗ ತಲುಪುತ್ತೆ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಬಿದ್ದವನಿಗೆ ಒಂದೇ ಮಾತು: ದೋಣಿಯ ಹಿಂದೆ ಈಜಬೇಡ. ಅಂಗಾತ ತೇಲಿ ಉಸಿರು ಹತೋಟಿಗೆ ತಂದುಕೊ. ಬೂಟಿನಲ್ಲಿ ತುಂಬಿದ ನೀರು ನಿನ್ನನ್ನು ಕೆಳಗೆ ಎಳೆಯುವುದಿಲ್ಲ, ನೀರಲ್ಲಿ ನೀರಿಗೆ ಭಾರ ಇಲ್ಲ. ಅದು ಭಾರ ಆಗುವುದು ಮೇಲೆ ಹತ್ತುವಾಗ. ಆಗ ಕಳಚಿದರೆ ಆಯಿತು.

ಮೇಲೆ ತಂದ ಮೇಲೆ ಅವನನ್ನು ಮಲಗಿಸಿ, ಎಬ್ಬಿಸಿ ನಿಲ್ಲಿಸಬೇಡಿ. ಹೊಟ್ಟೆ ಅದುಮಿ ನೀರು ತೆಗೆಯುವುದು ತಪ್ಪು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಹೋಗುತ್ತೆ. ಉಸಿರಾಟ ಇಲ್ಲದಿದ್ದರೆ ಮೂಗು ಮುಚ್ಚಿ ಬಾಯಿಂದ ಐದು ಸಲ ಗಾಳಿ ಊದಿ, ಆಮೇಲೆ ಎದೆಯ ಮಧ್ಯೆ 30 ಸಲ ಒತ್ತಿ, ಎರಡು ಸಲ ಊದಿ, ಹೀಗೇ ಮುಂದುವರಿಸಿ. ಇದನ್ನು ಒಮ್ಮೆಯಾದರೂ ಗೊತ್ತಿದ್ದವರಿಂದ ಕೈಯಾರೆ ಕಲಿತಿರಬೇಕು. ಚೆನ್ನಾಗಿಯೇ ಮಾತಾಡುತ್ತಿದ್ದರೂ ನೀರು ಕುಡಿದು ಕೆಮ್ಮುತ್ತಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆ ಬಿಟ್ಟು ಉಸಿರು ಕಟ್ಟುವುದುಂಟು.

ಮನೆಯವರಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಜಾಕೆಟ್ ಹಾಕಿ ಅಂತ ಮತ್ತೆ ಹೇಳುವುದು ಬೇಡ. ಮೀನಿಗೆ ಹೋಗದ ಒಂದು ದಿನ, ಹೊಳೆಯೊಳಗೆ, ಅಳಿವೆಯಿಂದ ಒಳಗಡೆ ಶಾಂತ ನೀರಲ್ಲಿ ದೋಣಿ ನಿಲ್ಲಿಸಿ, ತಮ್ಮನನ್ನು ಜಾಕೆಟ್ ಹಾಕಿ ಇಳಿಸಿ ಎತ್ತಿ ನೋಡಿ ಅನ್ನಿ. ಹತ್ತಿರದಲ್ಲೇ ಇನ್ನೊಂದು ದೋಣಿ ಇರಲಿ. ಮೊದಲು ಬರಿಗೈಯಲ್ಲಿ. ಆಮೇಲೆ ಏಣಿಯಲ್ಲಿ. ಆಮೇಲೆ ಬಲೆಯ ತುಂಡಿನಲ್ಲಿ. ಕಡೆಗೆ ಅಣ್ಣ ಇಳಿಯಲಿ, ತಮ್ಮ ಎತ್ತಲಿ. ನೀವು ದಡದಲ್ಲಿ ನಿಂತು ಗಡಿಯಾರ ನೋಡಿ.

ನೀವೂ ಮಾಡಬೇಕಾದ್ದು ಒಂದಿದೆ. ಪ್ರತಿ ಸಲ ಹೊರಡುವಾಗ ಯಾವ ಕಡೆಗೆ, ಎಷ್ಟು ಮಾರು ನೀರಿಗೆ, ಎಷ್ಟು ಗಂಟೆಗೆ ವಾಪಸ್ ಅಂತ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಗಂಟೆ ಮೀರಿ ಫೋನೂ ಸಿಗದಿದ್ದರೆ ಮೊದಲು ಜೊತೆಗೆ ಹೋದ ದೋಣಿಯವರಿಗೆ ಕೇಳಿ. ಅವರಿಗೂ ಗೊತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, 1093ಕ್ಕೋ 1554ಕ್ಕೋ ಫೋನ್ ಮಾಡಿ. ಆಮೇಲೆ ಅವರು ಸುಮ್ನೆ ತಡವಾಗಿ, ಬುಟ್ಟಿ ತುಂಬ ಮೀನು ಹೊತ್ತು ಬಂದರೆ ಇನ್ನೊಂದು ಫೋನ್ ಮಾಡಿ 'ಬಂದರು' ಅಂತ ತಿಳಿಸಿದರೆ ಆಯಿತು.